ಗೌಹರ್ ಜಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದೂಸ್ತಾನಿ ಸಂಗೀತದ ಹಳೆಯ ಗ್ರಾಮಫೋನ್ ಪ್ಲೇಟುಗಳ ಮಾತು ಬಂದಾಗಲೆಲ್ಲ ಗೌಹರ್ ಜಾನ್ ಹೆಸರು ಬಂದೇ ಬರುತ್ತದೆ. ಆದರೆ ಮಾತು ಬಹಳ ಬೇಗ ಅವರ ಬೆಕ್ಕು, ಒಡವೆ, ಕುದುರೆ ಸಾರೋಟಿನ ಕಡೆ ಹೊರಳುತ್ತದೆ. ಹಾಡು ಹಿಂದೆ ಬೀಳುತ್ತದೆ. ಸಂಗೀತದ ವಿದ್ಯಾರ್ಥಿಗಳು, ಪ್ಲೇಟು ಸಂಗ್ರಹಿಸುವ ಗೆಳೆಯರು, ಮೈಸೂರಿನ ಕಡೆಯವರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕಥೆಗಳನ್ನು ಬಿಟ್ಟಿಲ್ಲ, ಆದರೆ ಹಾಡಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಗೌಹರ್ ಜಾನ್ ಯಾರು?

1902ರಲ್ಲಿ ಗ್ರಾಮಫೋನ್ ಕಂಪನಿ ಮೊದಲ ಬಾರಿಗೆ ಭಾರತಕ್ಕೆ ಬಂದು ಹಾಡು ಮುದ್ರಿಸಿಕೊಂಡಾಗ ಅದಕ್ಕೆ ಹಾಡಿದ ಕಲ್ಕತ್ತೆಯ ಪ್ರಸಿದ್ಧ ಗಾಯಕಿ. ಈ ದೇಶದಲ್ಲಿ ಪ್ಲೇಟಿನ ಮೂಲಕ ಮನೆಮಾತಾದ ಮೊದಲ ತಾರೆ ಅವರೇ. ರಾಗವನ್ನು ಬೆಳೆಸಿ ಹಾಡುವ ಖಯಾಲ್, ಭಾವವೇ ಮುಖ್ಯವಾದ ಠುಮ್ರಿ, ಅದರಂಥದೇ ಹಗುರಾದ ದಾದ್ರಾ, ಗಜಲ್, ಹೋಳಿಯ ಹಾಡಾದ ಹೋರಿ, ಭಜನೆ, ಬಂಗಾಳಿ ಹಾಡು, ಎಲ್ಲವನ್ನೂ ಹಾಡಿದರು. ಹುಟ್ಟಿದ್ದು 1873ರ ಜೂನ್ 26ರಂದು, ಇಂದಿನ ಉತ್ತರ ಪ್ರದೇಶದ ಆಜಂಗಢದಲ್ಲಿ. ತೀರಿಕೊಂಡದ್ದು 1930ರ ಜನವರಿ 17ರಂದು, ನಮ್ಮ ಮೈಸೂರಿನಲ್ಲಿ.

ಅವರು ಹುಟ್ಟಿದ್ದು ಕ್ರೈಸ್ತ ಕುಟುಂಬದಲ್ಲಿ ಎನ್ನುತ್ತಾರಲ್ಲ, ನಿಜವೇ?

ನಿಜ. ಅವರ ಮೊದಲ ಹೆಸರು ಏಂಜೆಲಿನಾ ಯೊವರ್ಡ್. ತಂದೆ ರಾಬರ್ಟ್ ವಿಲಿಯಂ ಯೊವರ್ಡ್ ಆರ್ಮೇನಿಯನ್ ಮೂಲದವರು. ತಾಯಿ ವಿಕ್ಟೋರಿಯಾ ಹೆಮಿಂಗ್ಸ್ ಭಾರತದಲ್ಲೇ ಹುಟ್ಟಿ ಬೆಳೆದವರು. ಆಕೆಯ ತಂದೆ ಬ್ರಿಟಿಷ್, ತಾಯಿ ಭಾರತೀಯಳು. ಮದುವೆ ಹೆಚ್ಚು ದಿನ ಬಾಳಲಿಲ್ಲ, 1879ರಲ್ಲಿ ಮುರಿದುಬಿತ್ತು. ಎರಡು ವರ್ಷದ ನಂತರ ವಿಕ್ಟೋರಿಯಾ ಮಗಳನ್ನು ಕರೆದುಕೊಂಡು ಖುರ್ಷಿದ್ ಎಂಬ ಮುಸ್ಲಿಂ ಗೃಹಸ್ಥರ ಜೊತೆ ಬನಾರಸ್ಸಿಗೆ ಹೋದರು. ಅಲ್ಲಿ ತಾಯಿ ಮಗಳಿಬ್ಬರೂ ಇಸ್ಲಾಂ ಸೇರಿದರು. ತಾಯಿ ಮಲಕಾ ಜಾನ್ ಆದರು, ಎಂಟು ವರ್ಷದ ಏಂಜೆಲಿನಾ ಗೌಹರ್ ಜಾನ್ ಆದಳು.

ಈ ತಾಯಿಯನ್ನು ಬರೀ "ಗೌಹರ್ ಜಾನ್ ಅವರ ತಾಯಿ" ಎಂದು ದಾಟಿಸಿ ಹೋಗುವುದು ನನಗೆ ಸರಿಕಾಣುವುದಿಲ್ಲ. ಕೈಯಲ್ಲೊಂದು ಮಗು, ಮುರಿದ ಮದುವೆ, ಗೊತ್ತಿಲ್ಲದ ಊರು. ಅಷ್ಟರ ನಡುವೆ ಹಾಡು ಮತ್ತು ಕಥಕ್ ಕಲಿತು, ಬನಾರಸ್ಸಿನಲ್ಲಿ ಹೆಸರು ಮಾಡಿ, 1883ರಲ್ಲಿ ಕಲ್ಕತ್ತೆಗೆ ಬಂದು ನೆಲೆ ನಿಂತರು. ಉರ್ದುವಿನಲ್ಲಿ ಗಜಲ್ ಬರೆದು ಸಂಗ್ರಹವನ್ನೇ ಅಚ್ಚು ಹಾಕಿಸಿದರು. ಮಗಳಿಗೆ ಸಂಗೀತ, ನೃತ್ಯ, ಭಾಷೆ ಮೂರನ್ನೂ ಕಲಿಸಿದ್ದು ಈ ತಾಯಿಯ ಹಟ. ಆ ಕಾಲದಲ್ಲಿ ಇನ್ನೂ ಕೆಲವು ಮಲಕಾ ಜಾನ್‌ಗಳಿದ್ದರು, ಅದರಲ್ಲಿ ಆಗ್ರಾದ ಮಲಕಾ ಜಾನ್ ಪ್ಲೇಟುಗಳು ಇಂದಿಗೂ ಸಿಗುತ್ತವೆ. ಗುರುತಿಗೆಂದು ಗೌಹರ್ ತಾಯಿಯನ್ನು ಬಡೀ ಮಲಕಾ ಜಾನ್ ಎನ್ನುತ್ತಿದ್ದರು.

ಸಂಗೀತ ಕಲಿತದ್ದು ಯಾರಲ್ಲಿ?

ಕಲ್ಕತ್ತೆಯ ಮಟಿಯಾಬ್ರುಜ್‌ನಲ್ಲಿ ಆಗ ಅವಧದ ಪದಚ್ಯುತ ನವಾಬ ವಾಜಿದ್ ಅಲಿ ಷಾ ಇದ್ದರು. ಬ್ರಿಟಿಷರು ರಾಜ್ಯ ಕಿತ್ತುಕೊಂಡಿದ್ದರೂ ಲಖನೌದ ಹಾಡು, ಕುಣಿತ, ಕಾವ್ಯವನ್ನೆಲ್ಲ ಅವರು ಜೊತೆಗೇ ತಂದಿದ್ದರು. ಮಲಕಾ ಜಾನ್ ಆ ದರ್ಬಾರಿನಲ್ಲಿ ಹಾಡುತ್ತಿದ್ದರು. ಗೌಹರ್ ಬೆಳೆದದ್ದು ಅದೇ ಗಾಳಿಯಲ್ಲಿ. ಕಥಕ್ ಕಲಿಸಿದವರು ಲಖನೌ ಘರಾಣೆಯ (ಗುರುಪರಂಪರೆಯ) ಬಿಂದಾದೀನ್ ಮಹಾರಾಜ್, ಠುಮ್ರಿ ರಚನೆಯಲ್ಲೂ ಅವರು ದೊಡ್ಡ ಹೆಸರು. ಗಾಯನಕ್ಕೆ ಪಟಿಯಾಲಾ ಕಡೆಯ ಕಾಲೇ ಖಾನ್ ಮತ್ತು ಅಲಿ ಬಕ್ಷ್, ಬಂಗಾಳಿ ಕೀರ್ತನೆಗೆ ಚರಣ್ ದಾಸ್. "ಹಮ್‌ದಮ್" ಎಂಬ ಅಂಕಿತದಲ್ಲಿ ಗೌಹರ್ ತಾವೂ ಗಜಲ್ ಬರೆದರು. 1887ರಲ್ಲಿ ದರ್ಭಂಗಾ ಅರಮನೆಯಲ್ಲಿ ಮೊದಲ ಕಚೇರಿ. ಆಗ ಅವರಿಗೆ ಹದಿನಾಲ್ಕು.

ಭಾರತದಲ್ಲಿ ಮೊಟ್ಟಮೊದಲು ಧ್ವನಿಮುದ್ರಣಗೊಂಡದ್ದು ಗೌಹರ್ ಜಾನ್ ದನಿಯೇ?

ಎಲ್ಲ ಕಡೆ ಹಾಗೇ ಬರೆಯುತ್ತಾರೆ, ಆದರೆ ಸ್ವಲ್ಪ ತಿದ್ದಿಕೊಳ್ಳಬೇಕು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮುದ್ರಣ ಶುರುವಾದಾಗ ಮೊದಲು ಹಾಡಿದವರು ಅಲ್ಲಿನ ಕ್ಲಾಸಿಕ್ ಥಿಯೇಟರಿನ ಇಬ್ಬರು ಹುಡುಗಿಯರು, ಶಶಿಮುಖಿ ಮತ್ತು ಫಣಿಬಾಲಾ. ಗೌಹರ್ ಸರದಿ ಬಂದದ್ದು ಕೆಲವೇ ದಿನ ಕಳೆದು. ಅದಕ್ಕೂ ಮೊದಲು, 1899ರಲ್ಲಿ, ಲಂಡನ್ನಿನಲ್ಲಿ ಕೆಲವು ಭಾರತೀಯರು ತಮ್ಮ ದನಿ ಮುದ್ರಿಸಿದ್ದರು.

ಆದರೆ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ, ಆಗಲೇ ಹೆಸರು ಮಾಡಿದ್ದ ಕಲಾವಿದೆಯೊಬ್ಬಳು ಈ ಯಂತ್ರದ ಮುಂದೆ ನಿಂತು ರಾಗ ಹಾಡಿ, ಅದು ಮಾರಾಟವಾಗಿ, ಕಂಪನಿಗೆ ಈ ದೇಶದಲ್ಲೊಂದು ದಾರಿ ಕಂಡಿತು ಎಂದರೆ ಅದು ಗೌಹರ್ ಜಾನ್‌ರಿಂದ. "ಮೊದಲಿಗರು" ಎಂಬ ಮಾತನ್ನು ಈ ಅರ್ಥದಲ್ಲಿ ಧಾರಾಳವಾಗಿ ಹೇಳಬಹುದು.

ಆಗ ಹಾಡು ಮುದ್ರಿಸುತ್ತಿದ್ದದ್ದು ಹೇಗೆ?

ಮೈಕ್ ಇರಲಿಲ್ಲ, ಕರೆಂಟಿನ ಕೆಲಸವೇ ಇರಲಿಲ್ಲ. ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ಯುವಕ ಕಂಪನಿಯ ಪರವಾಗಿ ಪೆಟ್ಟಿಗೆಗಟ್ಟಲೆ ಸಾಮಾನಿನ ಜೊತೆ ಹಡಗಿನಲ್ಲಿ ಬಂದಿದ್ದರು. ಹೋಟೆಲಿನ ದೊಡ್ಡ ಕೋಣೆಯೇ ಸ್ಟುಡಿಯೋ. ಉದ್ದನೆಯ ತಗಡಿನ ಕೊಂಬು, ಅದರ ಸಣ್ಣ ತುದಿಯಲ್ಲಿ ತೆಳುವಾದ ಪೊರೆ, ಪೊರೆಗೆ ಅಂಟಿದ ಮುಳ್ಳು, ಮುಳ್ಳಿನ ಕೆಳಗೆ ತಿರುಗುವ ಮೇಣದ ದಪ್ಪ ಬಿಲ್ಲೆ. ಕೊಂಬಿನ ಬಾಯಿಗೆ ಹಾಡಿದರೆ ಆ ದನಿಯ ಒತ್ತಡವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಶಕ್ತಿಯೆಲ್ಲ ಗಾಯಕಿಯ ಎದೆಯಿಂದಲೇ ಬರಬೇಕು.

ಹಾಗಾಗಿ ಗಾಯಕಿ ಮುಖವನ್ನು ಕೊಂಬಿನ ಬಾಯಿಗೇ ಒಡ್ಡಿ ಹಾಡಬೇಕಿತ್ತು. ತಾರಸ್ಥಾಯಿಯಲ್ಲಿ ಜೋರಾದರೆ ಮುಳ್ಳು ಹಾರಿ ಗೆರೆ ಕೆಡುತ್ತಿತ್ತು, ಆಗ ಸ್ವಲ್ಪ ಹಿಂದೆ ಸರಿಯಬೇಕು. ಮಂದ್ರಕ್ಕೆ ಇಳಿದರೆ ದನಿಯೇ ಹತ್ತುತ್ತಿರಲಿಲ್ಲ, ಆಗ ಮುಂದೆ ಬಾಗಬೇಕು. ಮೆಹಫಿಲ್‌ನಲ್ಲಿ, ಅಂದರೆ ರಸಿಕರ ಕೂಟದಲ್ಲಿ, ಕೈ ಬೀಸಿ, ಕಣ್ಣು ತಿರುಗಿಸಿ, ಕೂತಲ್ಲೇ ಅಭಿನಯಿಸಿ ಠುಮ್ರಿಯ ಭಾವ ತೋರುತ್ತಿದ್ದವರಿಗೆ ಇಲ್ಲಿ ಅಲ್ಲಾಡುವ ಹಾಗಿಲ್ಲ. ಎದುರಿಗೆ "ವಾಹ್" ಎನ್ನುವ ರಸಿಕರಿಲ್ಲ. ನಡುವೆ ಒಂದು ಸ್ವರ ಜಾರಿದರೆ ಆ ಬಿಲ್ಲೆ ವ್ಯರ್ಥ, ಮೊದಲಿನಿಂದ ಹಾಡಬೇಕು. ತಿದ್ದುವ ದಾರಿಯೇ ಇರಲಿಲ್ಲ.

ಹೀಗೆ ಕೊರೆದ ಮೇಣದ ಬಿಲ್ಲೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಅಲ್ಲಿ ಲೋಹದ ಅಚ್ಚು ತೆಗೆದು ಪ್ಲೇಟು ಒತ್ತಿ ಮತ್ತೆ ಹಡಗಿನಲ್ಲಿ ಇಲ್ಲಿಗೆ ತರುತ್ತಿದ್ದರು. ಪ್ಲೇಟಿಗೆ ಬೇಕಾದ ಅರಗು ಹೋಗುತ್ತಿದ್ದದ್ದು ನಮ್ಮ ದೇಶದ ಕಾಡುಗಳಿಂದಲೇ ಎಂಬುದನ್ನೂ ಇಲ್ಲಿ ನೆನೆಯಬೇಕು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ ಈ ಅಲೆದಾಟ ತಪ್ಪಿತು.

ಹಾಡಿನ ಕೊನೆಗೆ "ಮೈ ನೇಮ್ ಈಸ್ ಗೌಹರ್ ಜಾನ್" ಎಂದು ಕೂಗುವುದೇಕೆ?

ಬಹಳ ಮಂದಿ ಇದನ್ನು ಜಂಬ ಎಂದುಕೊಳ್ಳುತ್ತಾರೆ. ಅಲ್ಲ, ಅದು ಕೆಲಸದ ಅಗತ್ಯ. ಹ್ಯಾನೋವರಿನಲ್ಲಿ ಪ್ಲೇಟು ಒತ್ತುವವರಿಗೆ ಹಿಂದೂಸ್ತಾನಿಯೂ ಗೊತ್ತಿಲ್ಲ, ಬಂಗಾಳಿಯೂ ಗೊತ್ತಿಲ್ಲ. ಯಾವ ಬಿಲ್ಲೆ ಯಾರದು ಎಂದು ಗುರುತಿಸಿ ಸರಿಯಾದ ಲೇಬಲ್ ಅಂಟಿಸಲು ಅವರಿಗೆ ಅರ್ಥವಾಗುವ ಮಾತು ಬೇಕಿತ್ತು. ಅದಕ್ಕೆ ಹಾಡು ಮುಗಿದ ತಕ್ಷಣ ಹೆಸರು ಹೇಳಿಸುತ್ತಿದ್ದರು. ಆ ಕಾಲದ ಬೇರೆ ಕಲಾವಿದರ ಪ್ಲೇಟುಗಳಲ್ಲೂ ಹೀಗೆ ಹೆಸರು ಕೇಳಿಸುತ್ತದೆ.

ಆದರೆ ಗೌಹರ್ ಅದನ್ನು ಹೇಳುವ ರೀತಿಯೇ ಬೇರೆ. ಕೊನೆಯ ಸಮ್ (ತಾಳದ ಮೊದಲ ಪೆಟ್ಟು) ಬಿದ್ದು ಸಾರಂಗಿ ಇನ್ನೂ ಎಳೆಯುತ್ತಿರುವಾಗಲೇ, ಉಸಿರು ತೆಗೆದುಕೊಳ್ಳಲೂ ಬಿಡುವಿಲ್ಲದಂತೆ, ಹಾಡಿದ ಶ್ರುತಿಯ ಆಸುಪಾಸಿನಲ್ಲೇ ದನಿ ಏರಿಸಿ ಇಂಗ್ಲಿಷಿನಲ್ಲಿ ಹೆಸರು ಹೇಳಿಬಿಡುತ್ತಾರೆ. ಕೆಲವು ಪ್ಲೇಟುಗಳಲ್ಲಿ ಆ ಮಾತಿನ ಹಿಂದೆ ನಗು ಇದೆಯೋ ಎನಿಸುತ್ತದೆ. ನೂರಕ್ಕೂ ಹೆಚ್ಚು ವರ್ಷ ಹಳೆಯ ಆ ಗರಗರ ಸದ್ದಿನಿಂದ ಹೊರಬರುವ ಆ ಒಂದು ವಾಕ್ಯ ಕೇಳಿದಾಗ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಗಂಟೆಗಟ್ಟಲೆ ಹಾಡುವ ಖಯಾಲ್ ಮೂರು ನಿಮಿಷಕ್ಕೆ ಹೇಗೆ ಹಿಡಿಸಿತು?

ನನ್ನ ಲೆಕ್ಕದಲ್ಲಿ ಗೌಹರ್ ಜಾನ್ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ.

ಏಳು ಇಂಚಿನ ಪ್ಲೇಟಿಗೆ ಸುಮಾರು ಎರಡು ನಿಮಿಷ, ಹತ್ತು ಇಂಚಿನದಕ್ಕೆ ಸುಮಾರು ಮೂರು ನಿಮಿಷ. ಬೈಠಕ್ಕಿನಲ್ಲಾದರೆ ಅಷ್ಟರಲ್ಲಿ ತಂಬೂರಿ ಶ್ರುತಿ ಮಾಡಿ ಷಡ್ಜ ಹಿಡಿದಿರುತ್ತಾರೆ ಅಷ್ಟೆ. ಆಲಾಪದಲ್ಲಿ ರಾಗವನ್ನು ಮೆಲ್ಲಗೆ ಬಿಡಿಸಿ, ವಿಲಂಬಿತದಲ್ಲಿ (ನಿಧಾನ ಲಯದಲ್ಲಿ) ಬಡತ್ ಮಾಡಿ, ಅಂದರೆ ಹಂತಹಂತವಾಗಿ ಬೆಳೆಸಿ, ದ್ರುತಕ್ಕೆ (ವೇಗದ ಲಯಕ್ಕೆ) ಏರುವ ಕ್ರಮ ಇಲ್ಲಿ ನಡೆಯುವಂತಿರಲಿಲ್ಲ. ಉದ್ದನೆಯದನ್ನು ಕತ್ತರಿಸಿ ಒಂದು ತುಂಡು ಕೊಟ್ಟರೆ ಅರ್ಧಂಬರ್ಧ ಎನಿಸುತ್ತದೆ. ಗೌಹರ್ ಹಾಗೆ ಮಾಡಲಿಲ್ಲ. ಆ ಅವಧಿಗೇ ಹೊಸದೊಂದು ಆಕಾರ ಕಟ್ಟಿದರು.

ಅವರ ಖಯಾಲ್ ಪ್ಲೇಟು ಕೇಳಿ ನೋಡಿ. ಮೊದಲ ಕ್ಷಣದಲ್ಲೇ ಚೀಜು, ಅಂದರೆ ಹಾಡಿನ ರಚನೆ, ಶುರು. ಲಯ ಮಧ್ಯಕ್ಕಿಂತ ಸ್ವಲ್ಪ ಮೇಲೆ. ಸ್ಥಾಯಿಯ (ಚೀಜಿನ ಮೊದಲ ಭಾಗದ) ಮೊದಲ ಸಾಲಿನಲ್ಲೇ ರಾಗದ ಮುಖ ಕಂಡುಬಿಡಬೇಕು, ಆ ಸಾಲಿನ ಬಳಕೆ ಹಾಗಿರುತ್ತದೆ. ತಾಳದ ಎರಡು ಮೂರು ಆವರ್ತ ಆದಮೇಲೆ ಚಿಕ್ಕ ತಾನುಗಳು (ವೇಗದ ಸ್ವರಗುಚ್ಛಗಳು), ಪ್ರತಿಯೊಂದೂ ಮುಖಡಾಕ್ಕೆ, ಅಂದರೆ ಚೀಜಿನ ಪಲ್ಲವಿಯಂಥ ಆರಂಭದ ತುಣುಕಿಗೆ, ಬಂದು ಕಚ್ಚಿಕೊಳ್ಳುತ್ತದೆ. ಚೀಜಿನ ಎರಡನೇ ಭಾಗವಾದ ಅಂತರಾಕ್ಕೆ ಏರಿ ತಾರ ಷಡ್ಜ ಮುಟ್ಟಿ ಇಳಿಯುತ್ತಾರೆ. ಕೊನೆಗೆ ವೇಗದ ಒಂದೆರಡು ತಾನು, ಸಮ್, ಹೆಸರು. ಅವಸರ ಕಾಣುವುದಿಲ್ಲ, ಖಾಲಿ ಜಾಗವೂ ಕಾಣುವುದಿಲ್ಲ. 1902ರ ನವೆಂಬರಿನ ಆ ಮೊದಲ ಮುದ್ರಣ ಅಧಿವೇಶನದಲ್ಲೇ ಜೋಗಿಯಾ ರಾಗದ ಖಯಾಲನ್ನು ಹೀಗೆ ಹಾಡಿದರು. ಗಡಿಯಾರ ನೋಡಿಕೊಂಡು ಹಾಡುವುದನ್ನು ಅವರಿಗೆ ಯಾವ ಗುರುವೂ ಕಲಿಸಿರಲಿಲ್ಲ.

ಮುಂದೆ ಬಂದವರೆಲ್ಲ ಇದೇ ಚೌಕಟ್ಟಿನೊಳಗೆ ಹಾಡಿದರು. ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರ ಪ್ಲೇಟುಗಳನ್ನು ಧಾರವಾಡ, ಹುಬ್ಬಳ್ಳಿ ಕಡೆ ಪೂಜಿಸಿದ ಹಾಗೆ ಕೇಳುತ್ತಿದ್ದರಲ್ಲ, ಅವೂ ಈ ಮೂರು ನಿಮಿಷದ ಶಿಸ್ತಿನವೇ. ನಮ್ಮ ರಂಗಗೀತೆಗಳ ಪ್ಲೇಟು, ಆಮೇಲೆ ಸಿನಿಮಾ ಹಾಡು, ಎಲ್ಲದರ ಉದ್ದ ನಿರ್ಧಾರವಾದದ್ದು ಪ್ಲೇಟಿನ ಒಂದು ಮಗ್ಗುಲಿನ ಅಳತೆಯಿಂದ.

ಉಸ್ತಾದರು ಹಾಡದೆ ಹಿಂಜರಿದಾಗ ತವಾಯಫರೇ ಮುಂದೆ ಬಂದದ್ದೇಕೆ?

ಘರಾಣೆಯ ಗುಟ್ಟು ಕಂಡಕಂಡವರ ಕೈಗೆ ಸಿಗುತ್ತದೆ, ಕೊಂಬಿಗೆ ಹಾಡಿದರೆ ಕಂಠ ಹೋಗುತ್ತದೆ, ನಮ್ಮ ಪ್ಲೇಟು ಎಲ್ಲೆಂದರಲ್ಲಿ ಬಜಾರಿನಲ್ಲಿ ಕೇಳಿಸುತ್ತದೆ ಎಂಬ ಅಂಜಿಕೆಗಳು ಆಗ ಇದ್ದವು. ಗೃಹಸ್ಥರ ಮನೆಯ ಹೆಂಗಸರಂತೂ ಹಾಡುವ ಮಾತೇ ಇರಲಿಲ್ಲ. ತವಾಯಫರು, ಅಂದರೆ ಹಾಡು ಕುಣಿತವನ್ನೇ ಕಸುಬು ಮಾಡಿಕೊಂಡ ಹೆಂಗಸರು, ತಮ್ಮ ಕಸುಬನ್ನು ತಾವೇ ನಡೆಸುತ್ತಿದ್ದವರು. ಸಂಭಾವನೆ ಗೊತ್ತುಮಾಡುವುದು, ಕರಾರು ಮಾತಾಡುವುದು ಅವರಿಗೆ ಹೊಸದಲ್ಲ. ಹೊಸ ಯಂತ್ರದಲ್ಲಿ ಹೊಸ ಕೇಳುಗರು ಸಿಗುತ್ತಾರೆ ಎಂಬುದನ್ನು ಅವರು ಬೇಗ ಕಂಡುಕೊಂಡರು. ಅಲಹಾಬಾದಿನ ಜಾನಕೀಬಾಯಿ, ಆಗ್ರಾದ ಜೊಹರಾಬಾಯಿ ಹೀಗೇ ಬಂದವರು. ದಕ್ಷಿಣದಲ್ಲೂ ಇದೇ ಕಥೆ: ಸೇಲಂ ಗೋದಾವರಿ, ನಮ್ಮ ಬೆಂಗಳೂರು ನಾಗರತ್ನಮ್ಮ, ಇವರೆಲ್ಲ ದೇವದಾಸಿ ಪರಂಪರೆಯಿಂದ ಬಂದು ಪ್ಲೇಟು ಕೊಟ್ಟವರು.

ತವಾಯಫ್ ಎಂದರೆ ವೇಶ್ಯೆ ಎಂದು ಇಂದಿಗೂ ಸಲೀಸಾಗಿ ಹೇಳಿಬಿಡುವವರಿದ್ದಾರೆ. ಆ ಮಾತು ತಪ್ಪು, ಅನ್ಯಾಯದ್ದೂ ಹೌದು. ಹಾಡು, ನೃತ್ಯ, ಕಾವ್ಯ, ನಡೆನುಡಿ ಕಲಿತು ಅದರಿಂದಲೇ ಬದುಕಿದ ಹೆಂಗಸರು ಅವರು. ಠುಮ್ರಿ, ದಾದ್ರಾ ಇಂದು ನಮ್ಮ ಕಿವಿಗೆ ಬೀಳುತ್ತಿದ್ದರೆ ಅದನ್ನು ಉಳಿಸಿಕೊಟ್ಟವರಲ್ಲಿ ಅವರು ಮುಂದಿದ್ದಾರೆ. ಮರ್ಯಾದಸ್ಥ ಸಮಾಜ ಅವರ ಹಾಡನ್ನು ಇಟ್ಟುಕೊಂಡು ಅವರನ್ನು ಹೊರಗಿಟ್ಟಿತು.

ಎಷ್ಟು ಹಾಡು ಮುದ್ರಿಸಿದರು? ಎಷ್ಟು ಭಾಷೆಗಳಲ್ಲಿ?

1902ರಿಂದ 1920ರವರೆಗೆ ಸುಮಾರು 600 ಎಂದು ಲೆಕ್ಕ. ಭಾಷೆ ಹತ್ತಕ್ಕೂ ಹೆಚ್ಚು: ಹಿಂದೂಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಪರ್ಷಿಯನ್, ಅರಬ್ಬಿ, ಪುಷ್ತು, ಇಂಗ್ಲಿಷ್ ಇತ್ಯಾದಿ.

ಬೆಕ್ಕಿನ ಬಾಣಂತನಕ್ಕೆ 20,000 ರೂಪಾಯಿ ಖರ್ಚು ಮಾಡಿದರಂತೆ?

ಹಾಗೊಂದು ಕಥೆ ಕಲ್ಕತ್ತೆಯಲ್ಲಿ ಹಬ್ಬಿತ್ತು. ಬೆಕ್ಕು ಮರಿ ಹಾಕಿತೆಂದು ಊರಿಗೆಲ್ಲ ಔತಣ ಕೊಟ್ಟರಂತೆ. ಗಣ್ಯರಿಗಷ್ಟೇ ಅನುಮತಿಯಿದ್ದ ನಾಲ್ಕು ಕುದುರೆಯ ಸಾರೋಟಿನಲ್ಲಿ ಸುತ್ತಾಡಿ, ಹಾಕಿದ 1,000 ರೂಪಾಯಿ ದಂಡವನ್ನು ಕಟ್ಟಿ ಮತ್ತೆ ಅದೇ ಸಾರೋಟು ಹತ್ತಿದರಂತೆ. ಒಂದು ಮುದ್ರಣ ಅಧಿವೇಶನಕ್ಕೆ 3,000 ರೂಪಾಯಿ ಕೇಳುತ್ತಿದ್ದರು ಎಂಬುದೂ ಇದೇ ಸಾಲಿನ ಮಾತು. ಆಗ ಒಂದು ತೊಲ ಬಂಗಾರಕ್ಕೆ ಸುಮಾರು 20 ರೂಪಾಯಿ. ಗೈಸ್‌ಬರ್ಗ್ ತಮ್ಮ ನೆನಪುಗಳಲ್ಲಿ, ಆಕೆ ಮುದ್ರಣಕ್ಕೆ ಬಂದಾಗಲೆಲ್ಲ ಹೊಸ ಉಡುಪು, ಒಮ್ಮೆ ತೊಟ್ಟ ಒಡವೆ ಮತ್ತೆ ತೊಡುತ್ತಿರಲಿಲ್ಲ ಎಂದು ಬೆರಗಿನಿಂದ ಬರೆದಿದ್ದಾರೆ. ಅವರ ಚಿತ್ರವಿದ್ದ ಪೋಸ್ಟ್‌ಕಾರ್ಡು, ಬೆಂಕಿಪೊಟ್ಟಣ ಬಂದಿದ್ದು ಮಾತ್ರ ಕಥೆಯಲ್ಲ. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಎದುರು ಜಾನಕೀಬಾಯಿ ಜೊತೆಗೂಡಿ ಹಾಡಿದ್ದೂ ಕಥೆಯಲ್ಲ.

ಗಾಂಧೀಜಿಗೆ ಅರ್ಧ ದುಡ್ಡು ಮಾತ್ರ ಕೊಟ್ಟ ಪ್ರಸಂಗ ಏನು?

ಸ್ವರಾಜ್ ನಿಧಿಗೆ ನೆರವಾಗಲು ಗಾಂಧೀಜಿ ಕೇಳಿದಾಗ, ತಾವು ಕಚೇರಿಗೆ ಬಂದು ಕೂತರೆ ಹಾಡಿ ಸಂಗ್ರಹಿಸಿಕೊಡುತ್ತೇನೆ ಎಂದು ಗೌಹರ್ ಒಪ್ಪಿದರಂತೆ. ಕಚೇರಿಯಲ್ಲಿ 24,000 ರೂಪಾಯಿ ಕೂಡಿತು. ಗಾಂಧೀಜಿಗೆ ಬರಲಾಗಲಿಲ್ಲ, ದುಡ್ಡಿಗೆ ಮೌಲಾನಾ ಶೌಕತ್ ಅಲಿಯವರನ್ನು ಕಳಿಸಿದರು. ಮಾತು ಅರ್ಧ ನಡೆದಿದೆ, ಹಣವೂ ಅರ್ಧ ಎಂದು 12,000 ಕೊಟ್ಟು ಕಳಿಸಿದರು ಎಂದು ಹೇಳುತ್ತಾರೆ. ಇದನ್ನು ಸೊಕ್ಕಿನ ಕಥೆಯಾಗಿ ಹೇಳುವವರುಂಟು. ನನಗೆ ಕಾಣುವುದು ಬೇರೆ. ತವಾಯಫಳ ದುಡ್ಡು ಆಗುತ್ತದೆ, ಅವಳ ಎದುರು ಕೂತು ಹಾಡು ಕೇಳಲು ಬಿಡುವಿಲ್ಲ ಎಂದಾದರೆ ಯಾರಿಗಾದರೂ ನೋಯುತ್ತದೆ.

ಅಷ್ಟು ಸಂಪಾದಿಸಿದವರು ಕೊನೆಗೆ ಬರಿಗೈಯಾದದ್ದು ಹೇಗೆ?

1906ರಲ್ಲಿ ತಾಯಿ ತೀರಿಕೊಂಡರು. ಅಲ್ಲಿಂದ ಮುಂದೆ ಕೋರ್ಟು ಕಚೇರಿ ಬಿಡಲಿಲ್ಲ. ಮನೆಯಲ್ಲೇ ಬೆಳೆದ, ಆಳಿನ ಮಗನಾಗಿದ್ದ ಭಗಲು ತಾನೇ ಮಲಕಾ ಜಾನ್ ಮಗ, ಆಸ್ತಿ ತನ್ನದು ಎಂದು ದಾವೆ ಹೂಡಿದ. ತಾನು ಯಾರ ಮಗಳು ಎಂದು ಸಾಬೀತು ಮಾಡಲು ಗೌಹರ್, ಬಾಲ್ಯದಲ್ಲೇ ದೂರವಾಗಿದ್ದ ತಂದೆಯನ್ನು ಹುಡುಕಿ ಸಾಕ್ಷಿಗೆ ಬೇಡಬೇಕಾಯಿತು. ದಾವೆ ಗೆದ್ದರು. ಆಮೇಲೆ ತಬಲಾ ಸಾಥಿಯೂ ಕಾರ್ಯದರ್ಶಿಯೂ ಆಗಿದ್ದ, ವಯಸ್ಸಿನಲ್ಲಿ ಕಿರಿಯ ಸೈಯದ್ ಗುಲಾಂ ಅಬ್ಬಾಸ್ ಜೊತೆ ಸಂಬಂಧ ಬೆಳೆಯಿತು, ಅವರ ಹೆಸರಿಗೆ ಆಸ್ತಿ ಹೋಯಿತು, ಸಂಬಂಧ ಮುರಿದಾಗ ಮತ್ತೆ ವ್ಯಾಜ್ಯ. ವಕೀಲರ ಖರ್ಚಿನಲ್ಲೇ ದೊಡ್ಡ ಪಾಲು ಕರಗಿತು. ಜೊತೆಗೆ ಮೆಹಫಿಲ್‌ಗಳ ಕಾಲ ಮುಗಿಯುತ್ತಿತ್ತು. ತವಾಯಫರನ್ನು ಸಭೆ ಸಮಾರಂಭಕ್ಕೆ ಕರೆಯಬಾರದು ಎಂಬ ಚಳವಳಿ ಬಲವಾಗುತ್ತಿತ್ತು.

ಮೈಸೂರಿಗೆ ಬಂದದ್ದು ಯಾವಾಗ, ಯಾಕೆ?

ಕಲ್ಕತ್ತೆ ಬಿಟ್ಟು ಊರೂರು ಅಲೆದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇಲೆ ಬಂದರು. 1928ರ ಆಗಸ್ಟ್ 1ರಿಂದ ಅರಮನೆಯ ಸಂಗೀತಗಾರ್ತಿಯಾಗಿ ನೇಮಕ, ತಿಂಗಳಿಗೆ 500 ರೂಪಾಯಿ ಸಂಬಳ. ಒಂದು ಕಾಲಕ್ಕೆ ಒಂದು ಅಧಿವೇಶನಕ್ಕೆ 3,000 ಕೇಳುತ್ತಿದ್ದರು ಎನ್ನುವವರಿಗೆ ಇದು ಆರನೆಯ ಒಂದು ಪಾಲು. ಆದರೂ ಐವತ್ತೈದು ದಾಟಿದ, ಆಸರೆಯಿಲ್ಲದ ಕಲಾವಿದೆಗೆ ಮರ್ಯಾದೆಯಿಂದ ಒಂದು ಸ್ಥಾನ ಸಿಕ್ಕಿತು ಎಂಬುದು ಸಣ್ಣ ವಿಷಯವಲ್ಲ.

ನಾಲ್ವಡಿಯವರು ತಾವೇ ಹಲವು ವಾದ್ಯ ನುಡಿಸುತ್ತಿದ್ದವರು, ಕರ್ನಾಟಕ ಸಂಗೀತದ ಜೊತೆ ಹಿಂದೂಸ್ತಾನಿ, ಪಾಶ್ಚಾತ್ಯ ಎರಡಕ್ಕೂ ಬಾಗಿಲು ತೆರೆದಿಟ್ಟವರು. ಮೈಸೂರಿಗೆ ಉತ್ತರದ ಸಂಗೀತ ಹೊಸದಾಗಿರಲಿಲ್ಲ. ಆಗ್ರಾ ಘರಾಣೆಯ ನತ್ಥನ್ ಖಾನ್ ಕೊನೆಗಾಲದಲ್ಲಿ ಈ ಆಸ್ಥಾನದಲ್ಲೇ ಇದ್ದರು. ಗೌಹರ್ ಬಂದ ಹೊತ್ತಿಗೆ ಕರ್ನಾಟಕ ಸಂಗೀತದ ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು ಇಲ್ಲಿದ್ದರು, ಅವರಂತೆಯೇ ವಾಗ್ಗೇಯಕಾರರಾದ ಮುತ್ತಯ್ಯ ಭಾಗವತರು ಹಿಂದಿನ ವರ್ಷವಷ್ಟೇ ಆಸ್ಥಾನಕ್ಕೆ ಬಂದಿದ್ದರು. ಗೌಹರ್ ಇಲ್ಲಿದ್ದದ್ದು ಒಂದೂವರೆ ವರ್ಷ. ಆರೋಗ್ಯ ಆಗಲೇ ಕೆಟ್ಟಿತ್ತು. ಐವತ್ತಾರನೇ ವಯಸ್ಸಿನಲ್ಲಿ, ಹತ್ತಿರದ ಬಂಧುಗಳಿಲ್ಲದೆ ಕಣ್ಮುಚ್ಚಿದರು. ಇವರನ್ನು ಕಲ್ಕತ್ತೆಯವರೆಂದು ಮಾತ್ರ ಎಣಿಸದೆ ಮೈಸೂರಿನ ಸಂಗೀತ ಚರಿತ್ರೆಯೊಳಗೂ ಸೇರಿಸಿಕೊಳ್ಳಬೇಕು ಎಂಬುದು ನನ್ನ ಆಸೆ.

ಹಳೆಯ ಪ್ಲೇಟಿನಲ್ಲಿ ದನಿ ಕೀರಲಾಗಿ ಕೇಳುತ್ತದಲ್ಲ? ನಿಜಕ್ಕೂ ಹಾಗೇ ಇತ್ತೇ?

ಇಲ್ಲ. ಕೊಂಬಿನ ಮುದ್ರಣದಲ್ಲಿ ತೀರಾ ಕೆಳಗಿನ, ತೀರಾ ಮೇಲಿನ ಕಂಪನಗಳು ದಾಖಲಾಗುತ್ತಲೇ ಇರಲಿಲ್ಲ. ದನಿಯ ತುಂಬು ಅಲ್ಲೇ ಹೋಯಿತು, ತಬಲಾ ಜೋಡಿಯ ಎಡಗೈ ವಾದ್ಯವಾದ ಬಾಯಾಂ ಗುಂಯ್ ಎನ್ನುವುದೂ ಹೋಯಿತು. ಮತ್ತೊಂದು, ಆಗ ಎಲ್ಲ ಪ್ಲೇಟುಗಳನ್ನೂ ಕರಾರುವಾಕ್ಕಾಗಿ ನಿಮಿಷಕ್ಕೆ 78 ಸುತ್ತಿನಲ್ಲಿ ಮುದ್ರಿಸುತ್ತಿರಲಿಲ್ಲ. ನಿಧಾನವಾಗಿ ತಿರುಗಿಸಿ ಕೊರೆದದ್ದನ್ನು ಈಗ 78ರಲ್ಲಿ ನುಡಿಸಿದರೆ ಶ್ರುತಿಯೂ ಏರುತ್ತದೆ, ಲಯವೂ ಏರುತ್ತದೆ. ಮೈಕ್ ಬಳಸುವ ಮುದ್ರಣ ಬಂದದ್ದು 1925ರಲ್ಲಿ. ಅವರ ಕಂಠ ಏರು ಹೊತ್ತಿನಲ್ಲಿದ್ದಾಗ ಅದನ್ನು ಹಿಡಿದಿಡುವ ಉಪಕರಣ ಇರಲಿಲ್ಲ.

ಎಲ್ಲಿಂದ ಕೇಳಲು ಶುರು ಮಾಡಲಿ?

ಭೈರವಿಯ ಠುಮ್ರಿ "ರಸ್ ಕೇ ಭರೇ ತೋರೇ ನೈನ್"ನಿಂದ. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಮೊದಲ ಸಲ ಗರಗರ ಸದ್ದೇ ಕಿವಿ ತುಂಬುತ್ತದೆ, ಎರಡನೇ ಸಲಕ್ಕೆ ಕಿವಿ ಅದನ್ನು ಬದಿಗಿಡುತ್ತದೆ. ಆಗ "ನೈನ್" ಎಂಬ ಒಂದೇ ಮಾತನ್ನು ಪ್ರತಿ ಸಲ ಬೇರೆ ಮುರ್ಕಿಯಲ್ಲಿ (ಸ್ವರಗಳ ಚಿಕ್ಕ ಚುರುಕು ತಿರುವಿನಲ್ಲಿ) ಬಾಗಿಸುವುದನ್ನು ಗಮನಿಸಿ. ಆಮೇಲೆ ಜೋಗಿಯಾ ಖಯಾಲ್ ಕೇಳಿ. ಖಯಾಲ್ ಕಲಿಯುತ್ತಿರುವವರು ಇನ್ನೊಂದು ಕೆಲಸ ಮಾಡಬಹುದು: ನಿಮಗೆ ಬರುವ ಒಂದು ಚೀಜನ್ನು, ಏನೂ ಅರ್ಧಕ್ಕೆ ನಿಲ್ಲದಂತೆ, ಸರಿಯಾಗಿ ಮೂರು ನಿಮಿಷದಲ್ಲಿ ಹಾಡಿ ಮುಗಿಸಲು ಪ್ರಯತ್ನಿಸಿ, ತಿದ್ದದೆ, ಒಂದೇ ಪ್ರಯತ್ನದಲ್ಲಿ. ಅದಾದ ಮೇಲೆ ಮತ್ತೆ ಗೌಹರ್ ಜಾನ್ ಪ್ಲೇಟು ಹಾಕಿ.